ರೀಲಿನ ಜೊತೆ ಹೊರಡುವ ಮಾಹಿತಿ: ಕಾಗದ ಉದ್ಯಮದಲ್ಲಿ ಸಂದೇಶವಾಹಕ ತಂತ್ರಾಂಶ ಬೆಳೆದು ಬಂದ ಬಗೆ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶಾಲಾ ನೋಟ್‌ಬುಕ್‌ಗಳ ಮೇಲಿನ ತೆರಿಗೆ ಹೋಯಿತು. ನೋಟ್‌ಬುಕ್ ತಯಾರಿಸಲು ಬಳಸುವ, ಲೇಪನವಿಲ್ಲದ ಕಾಗದದ ಮೇಲಿನ ತೆರಿಗೆಯೂ ಹೋಯಿತು. ಆದರೆ ಅದೇ ಬಗೆಯ ಕಾಗದ ಕರಪತ್ರಕ್ಕೋ ಬಿಲ್‌ಬುಕ್ಕಿಗೋ ಹೋದರೆ, ಮೊದಲು ಶೇ 12ರಷ್ಟಿದ್ದ ತೆರಿಗೆ ಶೇ 18ಕ್ಕೆ ಏರಿತು. ಶಿವಮೊಗ್ಗದ ಒಂದು ಬೈಂಡಿಂಗ್ ಘಟಕದ ಗೋದಾಮಿನಲ್ಲಿ ಪಕ್ಕಪಕ್ಕದಲ್ಲಿ ನಿಂತ ಎರಡು ರೀಲುಗಳು, ಅಂದರೆ ಕಾಗದದ ಸುರುಳಿಗಳು, ನೋಡಲು ಒಂದೇ, ಮುಟ್ಟಲು ಒಂದೇ, ತೂಕದಲ್ಲೂ ಒಂದೇ. ಲೆಕ್ಕಪತ್ರದಲ್ಲಿ ಮಾತ್ರ ಬೇರೆ ಬೇರೆ. ಯಾವ ಕಾರ್ಖಾನೆಯದು, ಯಾವ ಇಂಡೆಂಟಿಗೆ ಸೇರಿದ್ದು, ಯಾವ ಬಳಕೆಗೆ ಬಂದದ್ದು ಎಂಬ ಮಾಹಿತಿ ರೀಲಿನ ಜೊತೆಗೇ ಸರಿಯಾಗಿ ಬಂದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಇದಕ್ಕೆ ಎರಡು ವರ್ಷ ಮೊದಲೇ, 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವ್ಯಾಪಾರಿಗಳು ಇನ್ನೊಬ್ಬ ವ್ಯಾಪಾರಿಗೆ ಮಾರುವಾಗ ಇ–ಇನ್‌ವಾಯ್ಸ್ ಮಾಡುವುದು, ಅಂದರೆ ಬಿಲ್ಲನ್ನು ಕಂಪ್ಯೂಟರಿನಿಂದ ಸರಕಾರದ ಪೋರ್ಟಲ್‌ಗೆ ಕಳಿಸಿ ನೋಂದಾಯಿಸುವುದು, ಕಡ್ಡಾಯವಾಗಿತ್ತು. 2020ರ ಅಕ್ಟೋಬರ್‌ನಲ್ಲಿ ಈ ನಿಯಮ ಶುರುವಾದಾಗ ಮಿತಿ 500 ಕೋಟಿ. ಹಂತಹಂತವಾಗಿ ಅದು ಜಿಲ್ಲಾ ಕೇಂದ್ರದ ಕಾಗದದ ವ್ಯಾಪಾರಿಯವರೆಗೆ ಇಳಿದು ಬಂತು. ಹೀಗಾಗಿ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕಳಿಸುವ ಸಂದೇಶ ತಲುಪಿತೇ, ಎರಡು ಸಲ ತಲುಪಿತೇ, ದಾರಿಯಲ್ಲಿ ಕಳೆದುಹೋಯಿತೇ ಎಂಬ ಪ್ರಶ್ನೆಗಳು ಮುದ್ರಣಾಲಯದ ಮೇಜಿನ ಮೇಲೂ ಬಂದು ಕುಳಿತಿವೆ.

ದೊಡ್ಡ ಕಾಗದ ಕಾರ್ಖಾನೆಗಳಿಗೆ ಈ ಪ್ರಶ್ನೆಗಳು ಹಳೆಯವು. ಅವಕ್ಕೆ ಉತ್ತರವಾಗಿ ಬೆಳೆದ ತಂತ್ರಾಂಶಕ್ಕೆ ಮೆಸೇಜಿಂಗ್ ಮಿಡಲ್‌ವೇರ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಸಂದೇಶವಾಹಕ ತಂತ್ರಾಂಶ ಎಂದು ಕರೆಯುತ್ತೇನೆ. ಪರದೆಯ ಮೇಲೆ ಅದು ಕಾಣಿಸುವುದಿಲ್ಲ, ಅದರ ಹೆಸರು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಎರಡು ತಂತ್ರಾಂಶಗಳ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವುದಷ್ಟೇ ಅದರ ಕೆಲಸ.

ಕಾಗದ ಯಂತ್ರ ಯಾರಿಗೂ ಕಾಯುವುದಿಲ್ಲ

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನ ಹೆಸರು ಕೇಳಿ ಬೆಳೆದವರಿಗೂ ಕಾಗದ ಹೇಗಾಗುತ್ತದೆ ಎಂಬುದು ಪೂರ್ತಿ ತಿಳಿದಿರುವುದಿಲ್ಲ. ಮರದ ಚಕ್ಕೆಯನ್ನೋ ಕಬ್ಬಿನ ಸಿಪ್ಪೆಯನ್ನೋ ರಾಸಾಯನಿಕದಲ್ಲಿ ಬೇಯಿಸಿ ತಿರುಳು ಮಾಡುತ್ತಾರೆ. ಆ ತಿರುಳಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಓಡುವ ಜಾಲರಿಯ ಮೇಲೆ ಹರಿಯಬಿಡುತ್ತಾರೆ. ಆ ಹಂತದಲ್ಲಿ ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಪಾಲು ನೀರೇ. ಜಾಲರಿಯಲ್ಲಿ ನೀರು ಸೋರಿ, ಉರುಳೆಗಳ ನಡುವೆ ಹಿಂಡಿ, ಹಬೆಯಿಂದ ಕಾಯಿಸಿದ ಸಿಲಿಂಡರುಗಳ ಮೇಲೆ ಒಣಗಿ, ಕೊನೆಗೆ ಒಂದು ಭಾರಿ ಜಂಬೋ ರೋಲ್ ಆಗಿ ಕಾಗದ ಸುತ್ತಿಕೊಳ್ಳುತ್ತದೆ. ಅದನ್ನು ವೈಂಡರ್ ಎಂಬ ಯಂತ್ರ ಗಿರಾಕಿ ಕೇಳಿದ ಅಗಲಕ್ಕೆ ಸೀಳಿ ರೀಲುಗಳನ್ನಾಗಿ ಮಾಡುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಐದು ಮೀಟರ್ ಅಗಲದ ಯಂತ್ರ ನಿಮಿಷಕ್ಕೆ ಸಾವಿರ ಮೀಟರ್ ವೇಗದಲ್ಲಿ 60 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 60 ಗ್ರಾಂ ತೂಗುವ ಕಾಗದ ಮಾಡುತ್ತಿದೆ ಎನ್ನಿ. ನಿಮಿಷಕ್ಕೆ ಐದು ಸಾವಿರ ಚದರ ಮೀಟರ್, ಅಂದರೆ 300 ಕಿಲೋ. ಹತ್ತು ನಿಮಿಷ ಮಾಹಿತಿಯ ಸಂಪರ್ಕ ಕಡಿದರೆ, ಅಷ್ಟರಲ್ಲಿ ಮೂರು ಟನ್ ಕಾಗದ ಹೊರಬಂದಿರುತ್ತದೆ. ಅದು ಯಾರ ಆರ್ಡರಿಗೆ ಸೇರಿದ್ದು, ತೇವಾಂಶ ಎಷ್ಟಿತ್ತು, ಯಾವ ಅಗಲಕ್ಕೆ ಸೀಳಬೇಕು ಎಂಬುದು ಗೊತ್ತಿಲ್ಲದಿದ್ದರೆ ಆ ಮೂರು ಟನ್ನೂ ಹೆಸರಿಲ್ಲದ ಸರಕು. ಯಂತ್ರವನ್ನು ನಿಲ್ಲಿಸಿ ಕಾಯೋಣವೆಂದರೆ ನಷ್ಟ ಇನ್ನೂ ದೊಡ್ಡದು. ಒಮ್ಮೆ ನಿಂತ ಹಾಳೆಯನ್ನು ಮತ್ತೆ ಹರಿಯದಂತೆ ಎತ್ತಿ ಓಡಿಸುವುದೇ ಒಂದು ಕೆಲಸ.

ಈ ಮಾಹಿತಿ ಒಂದೇ ಕಡೆ ಇರುವುದಿಲ್ಲ. ಆರ್ಡರ್ ಮಾರಾಟ ಕಚೇರಿಯ ಕಂಪ್ಯೂಟರಿನಲ್ಲಿ. ಯಾವ ಅಗಲಗಳನ್ನು ಜೊತೆ ಮಾಡಿ ಸೀಳಿದರೆ ಅಂಚು ಕಡಿಮೆ ಪೋಲಾಗುತ್ತದೆ ಎಂಬ ಲೆಕ್ಕ ಯೋಜನಾ ವಿಭಾಗದಲ್ಲಿ. ತೇವಾಂಶ, ತೂಕದ ಅಳತೆ ಯಂತ್ರದ ಮೇಲಿನ ಸ್ಕ್ಯಾನರಿನಲ್ಲಿ. ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ. ಆಮೇಲೆ ವೈಂಡರ್, ತಕ್ಕಡಿ, ಗೋದಾಮು, ಬಿಲ್ಲಿಂಗ್. ಇವೆಲ್ಲ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕಂಪನಿಗಳಿಂದ ಕೊಂಡವು. ಒಂದರ ಭಾಷೆ ಇನ್ನೊಂದಕ್ಕೆ ಬಾರದು.

ತಲುಪುವವರೆಗೂ ಹಿಡಿದಿಡುವುದು

ಈ ಕಂಪ್ಯೂಟರುಗಳು ನೇರವಾಗಿ ಮಾತಾಡಿಕೊಂಡರಾಗದೇ? ಆಗುತ್ತದೆ, ಇಬ್ಬರೂ ಅದೇ ಕ್ಷಣದಲ್ಲಿ ಎಚ್ಚರವಿದ್ದರೆ ಮಾತ್ರ. ತಕ್ಕಡಿಯ ಕಂಪ್ಯೂಟರ್ ತೂಕ ಹೇಳುವ ಹೊತ್ತಿಗೆ ಗೋದಾಮಿನ ಕಂಪ್ಯೂಟರ್ ದುರಸ್ತಿಯಲ್ಲಿದ್ದರೆ ಆ ಮಾತು ಗಾಳಿಗೆ ಹೋಯಿತು.

ಮಲೆನಾಡಿನ ಒಂಟಿ ಮನೆಗಳನ್ನು ನೆನೆಯಿರಿ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಅಂಚೆಯವರು ಮೂರು ಮೈಲಿ ಒಳಗಿನ ಮನೆಗೆ ಹೋಗುವುದಿಲ್ಲ. ಬಸ್ ನಿಲ್ಲುವ ಜಾಗದ ಅಂಗಡಿಯಲ್ಲಿ ಪತ್ರ ಕೊಟ್ಟು ಮುಂದೆ ಹೋಗುತ್ತಾರೆ. ಅಂಗಡಿಯವರು ಅದನ್ನು ಒದ್ದೆಯಾಗದ ಕಡೆ ಎತ್ತಿಡುತ್ತಾರೆ. ಮನೆಯವರು ಸಾಮಾನಿಗೆ ಬಂದಾಗ ಒಯ್ಯುತ್ತಾರೆ. ಅಂಚೆಯವರೂ ಮನೆಯವರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಸಂದೇಶವಾಹಕ ತಂತ್ರಾಂಶ ಮಾಡುವುದು ಆ ಅಂಗಡಿಯ ಕೆಲಸವನ್ನೇ. ಕಳಿಸುವ ಕಂಪ್ಯೂಟರ್ ಸಂದೇಶವನ್ನು ಒಂದು ಸರತಿಯಲ್ಲಿ ಇಟ್ಟು ತನ್ನ ಕೆಲಸಕ್ಕೆ ಮರಳುತ್ತದೆ. ಪಡೆಯುವ ಕಂಪ್ಯೂಟರ್ ಎದ್ದಾಗ ಸರತಿಯಿಂದ ಒಂದೊಂದಾಗಿ ಎತ್ತಿಕೊಳ್ಳುತ್ತದೆ.

ಇಷ್ಟಾದರೆ ಸಾಲದು, ಕೆಲವು ಕಟ್ಟುಪಾಡುಗಳು ಬೇಕು. ಸಂದೇಶವನ್ನು ಮೊದಲು ಡಿಸ್ಕಿನಲ್ಲಿ ಬರೆದುಕೊಂಡು, ಆಮೇಲಷ್ಟೇ ‘ಸ್ವೀಕರಿಸಿದೆ’ ಎಂದು ಹೇಳಬೇಕು. ಆಗ ಕರೆಂಟು ಹೋಗಿ ಬಂದರೂ ಸಂದೇಶ ಉಳಿದಿರುತ್ತದೆ. ಪಡೆದ ಕಂಪ್ಯೂಟರ್ ಅದನ್ನು ತನ್ನ ದಾಖಲೆಯಲ್ಲಿ ಬರೆದುಕೊಳ್ಳುವುದೂ ಸರತಿಯಿಂದ ಅದು ಅಳಿಯುವುದೂ ಒಟ್ಟಿಗೇ ಆಗಬೇಕು. ಒಂದಾಗಿ ಇನ್ನೊಂದು ಆಗದೆ ಉಳಿದರೆ ರೀಲು ಕಳೆದುಹೋಗುತ್ತದೆ, ಇಲ್ಲವೇ ಎರಡಾಗುತ್ತದೆ.

ಎರಡಾಗುವುದು ಹೇಗೆಂದು ನೋಡಿ. ತಕ್ಕಡಿಯ ಕಂಪ್ಯೂಟರ್ ‘ರೀಲು 4127, ತೂಕ 612 ಕಿಲೋ’ ಎಂದು ಕಳಿಸಿತು. ಗೋದಾಮು ಅದನ್ನು ಬರೆದುಕೊಂಡು ‘ಬಂತು’ ಎಂದಿತು. ಆ ‘ಬಂತು’ ಎಂಬ ಉತ್ತರ ದಾರಿಯಲ್ಲಿ ಕಳೆಯಿತು. ತಕ್ಕಡಿಗೆ ಇದು ತಿಳಿಯುವುದಿಲ್ಲ; ಅದು ನಿಯಮದಂತೆ ಮತ್ತೆ ಕಳಿಸುತ್ತದೆ. ಗೋದಾಮಿನ ಲೆಕ್ಕದಲ್ಲಿ ಈಗ ಇಲ್ಲದ 612 ಕಿಲೋ ಕಾಗದ ಸೇರಿಕೊಂಡಿತು. ಇದಕ್ಕೆ ಪರಿಹಾರ ಪ್ರತಿ ಸಂದೇಶಕ್ಕೂ ಬದಲಾಗದ ಒಂದು ಗುರುತು ಇರುವುದು, ಆ ಗುರುತು ಹಿಂದೆ ಬಂದದ್ದಾದರೆ ಪಡೆಯುವವರು ಅದನ್ನು ಬಿಟ್ಟುಬಿಡುವುದು. ಕಾಗದ ಉದ್ಯಮಕ್ಕೆ ಇದು ಸುಲಭವಾಗಿ ಒಗ್ಗಿತು, ಏಕೆಂದರೆ ಪ್ರತಿ ರೀಲಿಗೂ ಒಂದು ಸಂಖ್ಯೆ ಕೊಡುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು.

ಓದಲಾಗದ, ವಿಳಾಸ ತಪ್ಪಿದ ಸಂದೇಶಗಳನ್ನು ಎಸೆಯದೆ ಬೇರೊಂದು ಸರತಿಯಲ್ಲಿ ಇಡುತ್ತಾರೆ; ಯಾರಾದರೂ ದಿನವೂ ಅದನ್ನು ತೆರೆದು ನೋಡಬೇಕು.

ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿದ್ದ ಕಾಲ

1960ರ ದಶಕದಲ್ಲಿ ಈ ತೊಡಕೇ ಇರಲಿಲ್ಲ. ಕಂಪ್ಯೂಟರ್ ಎಷ್ಟು ದುಬಾರಿಯಾಗಿತ್ತೆಂದರೆ ಒಂದು ಕಾರ್ಖಾನೆಗೆ ಎರಡು ಕೊಳ್ಳುವ ಮಾತೇ ಇರಲಿಲ್ಲ. ಸ್ವೀಡನ್ನಿನ ಬಿಲ್ಲೆರುಡ್ ಕಂಪನಿ ಆ ದಶಕದ ನಡುವೆ ಗ್ರುವೋನ್ ಎಂಬಲ್ಲಿನ ತನ್ನ ಕಾಗದ ಕಾರ್ಖಾನೆಯಲ್ಲಿ ಐಬಿಎಂ ಜೊತೆ ಸೇರಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ಉತ್ಪಾದನೆಯ ಯೋಜನೆ, ಗುಣಮಟ್ಟದ ಲೆಕ್ಕ, ಯಂತ್ರದ ನಿಯಂತ್ರಣ ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸುವುದು ಅವರ ಗುರಿ. ಅಲ್ಲಿ ಕೆಲಸ ಮಾಡಿದ ಕಾರ್ಲ್ ಯೋಹಾನ್ ಓಸ್ಟ್ರೋಮ್ ಮುಂದೆ ನಿಯಂತ್ರಣ ಶಾಸ್ತ್ರದ ಜಗದ್ವಿಖ್ಯಾತ ಪ್ರಾಧ್ಯಾಪಕರಾದರು. ಕಾಗದ ಯಂತ್ರದ ಕುರಿತ ಅವರ ಪ್ರಬಂಧ 1967ರಲ್ಲಿ ಪ್ರಕಟವಾಯಿತು.

ಆ ಪ್ರಬಂಧದ ತಿರುಳು ನನಗೆ ಬಹಳ ಮೆಚ್ಚುಗೆಯಾದದ್ದು. ಕಾಗದವನ್ನು ತೂಕಕ್ಕೆ ಮಾರುತ್ತಾರೆ. ಅದರಲ್ಲಿ ಇಷ್ಟಕ್ಕಿಂತ ಹೆಚ್ಚು ತೇವಾಂಶ ಇರಬಾರದೆಂಬ ಮಿತಿ ಇರುತ್ತದೆ. ತೇವಾಂಶ ಮೇಲೆ ಕೆಳಗೆ ಹೊಯ್ದಾಡುತ್ತಿದ್ದರೆ, ಯಾವಾಗಲೂ ಮಿತಿಯೊಳಗಿರಲು ಸರಾಸರಿಯನ್ನು ತುಂಬ ಕೆಳಗೆ ಇಡಬೇಕು, ಅಂದರೆ ಅಗತ್ಯಕ್ಕಿಂತ ಹೆಚ್ಚು ಒಣಗಿಸಬೇಕು. ಹಬೆಯೂ ಹೋಯಿತು, ತಿರುಳೂ ಹೋಯಿತು. ಹೊಯ್ದಾಟವನ್ನು ತಗ್ಗಿಸಿದರೆ ಸರಾಸರಿಯನ್ನು ಮಿತಿಯ ಹತ್ತಿರಕ್ಕೆ ತರಬಹುದು. ಅಳತೆಯ ಮಾಹಿತಿ ಸಮಯಕ್ಕೆ ಸರಿಯಾಗಿ ನಿಯಂತ್ರಕಕ್ಕೆ ತಲುಪುವುದಕ್ಕೆ ದುಡ್ಡಿನ ಬೆಲೆ ಇದೆ ಎಂಬುದು ಇಲ್ಲಿ ಲೆಕ್ಕದ ಮೂಲಕವೇ ಸಿದ್ಧವಾಯಿತು.

ಸೀಳುವ ಲೆಕ್ಕವೂ ಅದೇ ಕಾಲದಲ್ಲಿ ಗಣಿತಜ್ಞರ ಕೈಗೆ ಬಂತು. ಪೋಲಾಗುವ ಅಂಚನ್ನು ಕಡಿಮೆ ಮಾಡುವ ಸಮಸ್ಯೆಯ ಬಗ್ಗೆ ಕರ್ಟ್ ಐಸ್‌ಮನ್ 1957ರಲ್ಲಿ ಬರೆದರು. ದೊಡ್ಡ ಆರ್ಡರುಗಳಿಗೂ ಹೊಂದುವ ವಿಧಾನವನ್ನು ಐಬಿಎಂನ ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲಿ ಕೊಟ್ಟರು. ಆದರೆ ಈ ಲೆಕ್ಕಕ್ಕೆ ಇವತ್ತಿನ ಆರ್ಡರುಗಳ ಸರಿಯಾದ ಪಟ್ಟಿ ಬೇಕು, ಲೆಕ್ಕದ ಉತ್ತರ ವೈಂಡರಿನ ಬಳಿ ನಿಂತ ಕೆಲಸಗಾರನ ಕೈಗೆ ತಲುಪಬೇಕು. ಎಷ್ಟೋ ಕಾರ್ಖಾನೆಗಳಲ್ಲಿ ಅದು ಬಹುಕಾಲ ಚೀಟಿಯ ಮೇಲೆಯೇ ಹೋಗುತ್ತಿತ್ತು.

ಒಡೆದು ಹಂಚಿಹೋದ ಕಂಪ್ಯೂಟರುಗಳು

1970ರ ದಶಕದಲ್ಲಿ ಕಂಪ್ಯೂಟರ್ ಚಿಕ್ಕದಾಯಿತು, ಅಗ್ಗವಾಯಿತು. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮೆಷರೆಕ್ಸ್ ಕಂಪನಿ, ಓಡುವ ಹಾಳೆಯ ಮೇಲೆ ಅತ್ತಿಂದಿತ್ತ ಚಲಿಸುತ್ತ ತೂಕ, ತೇವಾಂಶ ಅಳೆಯುವ ಸ್ಕ್ಯಾನರಿಗೆ ಡಿಜಿಟಲ್ ಕಂಪ್ಯೂಟರನ್ನು ಜೋಡಿಸಿ ಮಾರಿತು. 1975ರಲ್ಲಿ ಹನಿವೆಲ್ ಮತ್ತು ಯೊಕೊಗಾವಾ ಕಂಪನಿಗಳು ಹಂಚಿಕೆ ನಿಯಂತ್ರಣ ವ್ಯವಸ್ಥೆಗಳನ್ನು ಹೊರತಂದವು. ಒಂದು ದೊಡ್ಡ ಮಿದುಳಿನ ಬದಲು ಕಾರ್ಖಾನೆಯುದ್ದಕ್ಕೂ ಹತ್ತಾರು ಸಣ್ಣ ನಿಯಂತ್ರಕಗಳು. ಒಂದು ಕೆಟ್ಟರೆ ಉಳಿದವು ನಡೆಯುತ್ತಿದ್ದವು. 1979ರಲ್ಲಿ ಮಾಡಿಕಾನ್ ಕಂಪನಿ ಮಾಡ್‌ಬಸ್ ಎಂಬ ಸರಳ ಸಂವಹನ ವಿಧಾನವನ್ನು ಪ್ರಕಟಿಸಿತು. ಅದು ಇಂದಿಗೂ ಕಾರ್ಖಾನೆಗಳಲ್ಲಿ ಬದುಕಿದೆ.

ಲಾಭ ಕಣ್ಣಿಗೆ ಕಂಡಿತು, ತೊಡಕು ತಡವಾಗಿ ಕಂಡಿತು. ಎಂಟು ವ್ಯವಸ್ಥೆಗಳು ಪರಸ್ಪರ ನೇರವಾಗಿ ಮಾತಾಡಬೇಕೆಂದರೆ 28 ಸಂಪರ್ಕಗಳು ಬೇಕು. ಹನ್ನೆರಡಾದರೆ 66. ಪ್ರತಿ ಸಂಪರ್ಕಕ್ಕೂ ಒಬ್ಬರು ಕುಳಿತು ಪ್ರೋಗ್ರಾಂ ಬರೆಯಬೇಕು, ಒಂದು ತುದಿಯ ಯಂತ್ರ ಬದಲಾದಾಗಲೆಲ್ಲ ತಿದ್ದಬೇಕು. ಇದರಿಂದ ತಪ್ಪಿಸಿಕೊಳ್ಳಲು ಹಗಲಿನ ಲೆಕ್ಕವನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿ ರಾತ್ರಿ ಒಮ್ಮೆ ಕಳಿಸುವ ರೂಢಿ ಬಂತು. ಮಾರಾಟ ಕಚೇರಿಗೆ ಕಾಣುತ್ತಿದ್ದುದು ನಿನ್ನೆಯ ಗೋದಾಮು. ಬೆಳಿಗ್ಗೆಯೇ ಲಾರಿ ಹತ್ತಿದ ರೀಲನ್ನು ಮಧ್ಯಾಹ್ನ ಇನ್ನೊಬ್ಬರಿಗೆ ಮಾರುವ ಅಪಾಯ ಯಾವಾಗಲೂ ಇತ್ತು. ನಡುವೆ ಒಂದೇ ವಾಹಕವನ್ನು ಇಟ್ಟು, ಎಲ್ಲರೂ ಅದಕ್ಕೊಂದೇ ಸಂಪರ್ಕ ಕೊಟ್ಟರೆ 66ರ ಜಾಗದಲ್ಲಿ ಹನ್ನೆರಡೇ ಸಾಕು.

ಅಂಥ ವಾಹಕಗಳು 1980ರ ದಶಕದಲ್ಲಿ ಎರಡು ಕಡೆಯಿಂದ ಬಂದವು. ಕಾರ್ಖಾನೆಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ವ್ಯಾಕ್ಸ್ ಕಂಪ್ಯೂಟರುಗಳನ್ನು ಮಾಡುತ್ತಿದ್ದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ವಾಹಕ ಡೆಕ್‌ಮೆಸೇಜ್‌ಕ್ಯೂ ಎಂಬ ಹೆಸರು ಪಡೆಯಿತು. 1997ರಲ್ಲಿ ಅದು ಬಿಇಎ ಕಂಪನಿಯ ಪಾಲಾಯಿತು, ಆ ಕಂಪನಿಯನ್ನು 2008ರಲ್ಲಿ ಒರಾಕಲ್ ಕೊಂಡಿತು. ಇನ್ನೊಂದು ಬಂದದ್ದು ಅಮೆರಿಕದ ಷೇರುಪೇಟೆಯಿಂದ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಟೆಕ್ನೆಕ್ರಾನ್ ಸಾಫ್ಟ್‌ವೇರ್ ಸಿಸ್ಟಮ್ಸ್, ಇನ್‌ಫರ್ಮೇಶನ್ ಬಸ್ ಎಂಬ ತಂತ್ರಾಂಶ ಮಾಡಿತು. ಅದರ ಹೊಸತನ ಇಷ್ಟು: ಕಳಿಸುವವರು ಯಾರಿಗೆ ಎಂದು ಹೇಳುವುದಿಲ್ಲ, ಯಾವ ವಿಷಯ ಎಂದಷ್ಟೇ ಹೇಳುತ್ತಾರೆ. ಆ ವಿಷಯ ಬೇಕೆಂದು ಮೊದಲೇ ತಿಳಿಸಿದವರಿಗೆಲ್ಲ ಸಂದೇಶ ಹೋಗುತ್ತದೆ. ಷೇರುಪೇಟೆಯಿಂದ ಅದು ಚಿಪ್ ತಯಾರಿಸುವ ಕಾರ್ಖಾನೆಗಳಿಗೂ ಹೋಯಿತು. ಕಾಗದ ಕಾರ್ಖಾನೆಯಲ್ಲಿ ‘ಹಾಳೆ ಹರಿಯಿತು’ ಎಂಬ ಒಂದೇ ಸುದ್ದಿ ನಿಯಂತ್ರಣ ಕೊಠಡಿಗೂ ಬಾಯ್ಲರಿಗೂ ಯೋಜನಾ ವಿಭಾಗಕ್ಕೂ ಒಟ್ಟಿಗೆ ಬೇಕು. ಅಂಥ ಕಡೆ ಈ ವಿಧಾನವೇ ಸರಿ.

1993ರ ತಿರುವು

1993ರ ಕೊನೆಯಲ್ಲಿ ಐಬಿಎಂ ಎಂಕ್ಯೂಸೀರೀಸ್ ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. 2002ರಲ್ಲಿ ಅದು ವೆಬ್‌ಸ್ಫಿಯರ್ ಎಂಕ್ಯೂ ಆಯಿತು, 2014ರಿಂದ ಐಬಿಎಂ ಎಂಕ್ಯೂ. ಬ್ಯಾಂಕುಗಳು ಅದನ್ನು ಮೊದಲು ಹಿಡಿದವು. ಆದರೆ ಕಾಗದ ಉದ್ಯಮದ ತೊಂದರೆಗೂ ಅದು ಚೆನ್ನಾಗಿ ಹೊಂದುತ್ತಿತ್ತು. ಆ ಕಾಲದ ಒಂದು ದೊಡ್ಡ ಕಾಗದ ಕಂಪನಿಯನ್ನು ಊಹಿಸಿಕೊಳ್ಳಿ: ಮುಖ್ಯ ಕಚೇರಿಯಲ್ಲಿ ಐಬಿಎಂ ಮೇನ್‌ಫ್ರೇಮ್, ಕಾರ್ಖಾನೆಯಲ್ಲಿ ವ್ಯಾಕ್ಸ್ ಅಥವಾ ಯುನಿಕ್ಸ್, ಗೋದಾಮಿನ ಮೂಲೆಯಲ್ಲಿ ಒಂದು ಪಿಸಿ. ಐಬಿಎಂನ ದೊಡ್ಡ ಕಂಪ್ಯೂಟರುಗಳು ಅಕ್ಷರಗಳನ್ನು ಎಬ್ಸಿಡಿಕ್ ಎಂಬ ಸಂಕೇತದಲ್ಲಿ ಇಡುತ್ತಿದ್ದವು, ಉಳಿದವು ಆಸ್ಕಿಯಲ್ಲಿ. ಹಾಗಾಗಿ ಒಂದು ಕಳಿಸಿದ ‘ಎ’ ಅಕ್ಷರ ಇನ್ನೊಂದಕ್ಕೆ ಬೇರೇನೋ ಆಗಿ ಕಾಣುತ್ತಿತ್ತು. ಎಂಕ್ಯೂಸೀರೀಸ್ ಈ ಎಲ್ಲ ಬಗೆಯ ಯಂತ್ರಗಳ ಮೇಲೂ ಒಂದೇ ರೀತಿಯ ಆಜ್ಞೆಗಳನ್ನು ಕೊಟ್ಟಿತು. ಸಂಪರ್ಕಿಸು, ತೆರೆ, ಇಡು, ತೆಗೆ, ಮುಚ್ಚು: ಪ್ರೋಗ್ರಾಂ ಬರೆಯುವವರು ಮುಖ್ಯವಾಗಿ ತಿಳಿಯಬೇಕಾಗಿದ್ದುದು ಇಷ್ಟು. ಅಕ್ಷರ ಸಂಕೇತದ ಬದಲಾವಣೆಯನ್ನೂ ಅದೇ ಮಾಡಿಕೊಡುತ್ತಿತ್ತು.

ಅಲ್ಲಿಂದ ಮುಂದೆ ರಾತ್ರಿಯ ಫೈಲಿಗಾಗಿ ಕಾಯುವ ಅಗತ್ಯ ಕಡಿಮೆಯಾಯಿತು. ರೀಲು ತಕ್ಕಡಿಯಿಂದ ಇಳಿದ ಕೆಲವೇ ಕ್ಷಣಗಳಲ್ಲಿ ಮುಖ್ಯ ಕಚೇರಿಯ ದಾಸ್ತಾನಿನಲ್ಲಿ ಕಾಣುವುದು ಸಾಧ್ಯವಾಯಿತು. 2000ದಲ್ಲಿ ಪ್ರಕಟವಾದ ಐಎಸ್‌ಎ–95 ಎಂಬ ಮಾನದಂಡ ಯಂತ್ರದ ಮಟ್ಟ, ಕಾರ್ಖಾನೆ ನಿರ್ವಹಣೆಯ ಮಟ್ಟ, ವ್ಯವಹಾರದ ಮಟ್ಟ ಎಂದು ಮೆಟ್ಟಿಲುಗಳನ್ನು ಗುರುತಿಸಿ, ಅವುಗಳ ನಡುವೆ ಯಾವ ಮಾಹಿತಿ ಹೋಗಬೇಕೆಂದು ಹೇಳಿತು.

ಕಾರ್ಖಾನೆಯ ಗೇಟು ದಾಟಿದ ಮೇಲೆ

ಇಷ್ಟು ಹೊತ್ತು ಹೇಳಿದ್ದು ಒಂದೇ ಕಂಪನಿಯ ಒಳಗಿನ ಕತೆ. ಕಾಗದದ ನಿಜವಾದ ಗೊಂದಲ ಇರುವುದು ಹೊರಗೆ.

ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಯಿತು, 1977ರಲ್ಲಿ ಸರಕಾರಿ ಕಂಪನಿಯಾಯಿತು, 1980ರ ದಶಕದಲ್ಲಿ ಪತ್ರಿಕೆಗಳಿಗೆ ಸುದ್ದಿ ಕಾಗದ ಒದಗಿಸಿತು. ಆಗ ದೇಶದಲ್ಲಿ 1962ರ ಸುದ್ದಿ ಕಾಗದ ನಿಯಂತ್ರಣ ಆದೇಶ ಜಾರಿಯಲ್ಲಿತ್ತು. ಯಾವ ಪತ್ರಿಕೆಗೆ ಎಷ್ಟು ಟನ್ ಎಂಬುದನ್ನು ಸರಕಾರ ನಿಗದಿ ಮಾಡುತ್ತಿತ್ತು. ಹಂಚಿಕೆಯ ಪತ್ರ, ಇಂಡೆಂಟ್, ರೈಲ್ವೆ ರಸೀದಿ, ರೀಲುಗಳ ಪಟ್ಟಿ, ಬಿಲ್ಲು: ಕಾಗದವನ್ನು ಕಳಿಸುವುದಕ್ಕೇ ಒಂದು ಕಂತೆ ಕಾಗದ ಬೇಕಾಗಿತ್ತು. ಪಟ್ಟಿಯಲ್ಲಿ ಒಂದು ಅಂಕೆ ತಪ್ಪಿದರೆ ಭದ್ರಾವತಿಗೆ ಟ್ರಂಕ್ ಕರೆ ಮಾಡಿ ಕಾಯಬೇಕು.

ಹೊರದೇಶಗಳಲ್ಲಿ ಈ ಕಂತೆಯನ್ನು ಕಂಪ್ಯೂಟರ್ ಸಂದೇಶವಾಗಿ ಮಾಡುವ ಯತ್ನ ಮೊದಲೇ ನಡೆದಿತ್ತು. ಅದಕ್ಕೆ ಇಡಿಐ ಎಂಬ ಹೆಸರು. ಅಮೆರಿಕದಲ್ಲಿ ಎಕ್ಸ್12 ಎಂಬ ನಮೂನೆ 1979ರಲ್ಲಿ ರೂಪುಗೊಳ್ಳತೊಡಗಿತು. ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ 1987ರಲ್ಲಿ ಬಂತು. ಇವು ಎಲ್ಲ ಉದ್ಯಮಗಳಿಗೂ ಸೇರಿದ ನಮೂನೆಗಳು. ಆದರೆ ಕಾಗದಕ್ಕೆ ಅದರದೇ ಬೇಡಿಕೆಗಳಿವೆ: ಜಿಎಸ್‌ಎಂ, ರೀಲಿನ ಅಗಲ, ವ್ಯಾಸ, ಒಳಗಿನ ಕೋರ್‌ನ ಅಳತೆ, ಸುತ್ತಿದ ದಿಕ್ಕು, ಪ್ರತಿ ರೀಲಿನ ಸಂಖ್ಯೆ ಮತ್ತು ತೂಕ. ನೂರು ಪೆಟ್ಟಿಗೆ ಸೋಪು ಎಂದು ಬರೆದಂತೆ ನೂರು ರೀಲು ಎಂದು ಬರೆದರೆ ಮುದ್ರಣಾಲಯಕ್ಕೆ ಉಪಯೋಗವಿಲ್ಲ.

2000ದ ಸುಮಾರಿಗೆ ಯುರೋಪ್ ಮತ್ತು ಉತ್ತರ ಅಮೆರಿಕದ ಕಾಗದ ಕಂಪನಿಗಳೂ ಗಿರಾಕಿಗಳೂ ಸೇರಿ ಪಾಪಿನೆಟ್ ಎಂಬ ಮಾನದಂಡವನ್ನು ರೂಪಿಸಿದರು. 1998ರಲ್ಲಿ ಬಂದಿದ್ದ ಎಕ್ಸ್‌ಎಂಎಲ್ ಬರವಣಿಗೆ ವಿಧಾನ ಅದಕ್ಕೆ ತಳಹದಿ. ಅದರಲ್ಲಿ ವ್ಯವಹಾರದ ಒಂದೊಂದು ಹೆಜ್ಜೆಗೂ ಒಂದೊಂದು ಸಂದೇಶವಿದೆ. ಮುದ್ರಕ ಆರ್ಡರ್ ಕಳಿಸುತ್ತಾನೆ, ಕಾರ್ಖಾನೆ ದೃಢೀಕರಿಸುತ್ತದೆ. ಕಾಯ್ದಿಟ್ಟ ಸರಕಿನಲ್ಲಿ ಇಂತಿಷ್ಟು ಈಗ ಕಳಿಸಿ ಎಂಬುದಕ್ಕೆ ಬೇರೆ ಸಂದೇಶ. ಲಾರಿ ಹೊರಟಾಗ ರೀಲುಗಳ ಪೂರ್ತಿ ವಿವರವಿರುವ ರವಾನೆಯ ಸಂದೇಶ, ಸರಕು ಇಳಿದಾಗ ಸ್ವೀಕೃತಿಯ ಸಂದೇಶ, ಆಮೇಲೆ ಬಿಲ್ಲು. ರೀಲು ಹಾಳಾಗಿದ್ದರೆ ದೂರಿಗೂ ಒಂದು ನಮೂನೆ ಇದೆ. ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದೆನಿಸುವುದು ‘ಬಳಕೆ’ಯ ಸಂದೇಶ: ಮುದ್ರಣಾಲಯ ಯಾವ ರೀಲನ್ನು ಯಂತ್ರಕ್ಕೇರಿಸಿ ಮುಗಿಸಿತು ಎಂಬುದು ಕಾಗದ ಕಾರ್ಖಾನೆಗೆ ತಿಳಿಯುತ್ತದೆ. ಸರಕು ಗಿರಾಕಿಯ ಗೋದಾಮಿನಲ್ಲಿದ್ದರೂ ಬಳಸಿದಷ್ಟಕ್ಕೇ ಬಿಲ್ಲು ಮಾಡುವ ಪದ್ಧತಿಗೆ ಇದು ಅನುಕೂಲ ಮಾಡಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪಾಪಿನೆಟ್ ಹೇಳುವುದು ಪತ್ರದಲ್ಲಿ ಏನು ಬರೆಯಬೇಕು ಎಂಬುದನ್ನು. ಆ ಪತ್ರವನ್ನು ಭದ್ರವಾಗಿ ಒಯ್ಯುವುದು ಬೇರೆಯೇ ಕೆಲಸ. ಕಂಪನಿಗಳ ನಡುವೆ ಇಂಟರ್ನೆಟ್ ಮೂಲಕ ಒಯ್ಯಲು, ವಿಶ್ವಸಂಸ್ಥೆಯ ಅಂಗಸಂಸ್ಥೆಯೂ ಓಯಾಸಿಸ್ ಸಂಘಟನೆಯೂ 1999ರಿಂದ 2001ರವರೆಗೆ ಸೇರಿ ರೂಪಿಸಿದ ಇಬಿಎಕ್ಸ್‌ಎಂಎಲ್ ಎಂಬ ಮಾನದಂಡದ ಸಂದೇಶ ಸೇವೆ ಬಳಕೆಗೆ ಬಂತು. ಕಳಿಸಿದವರು ಯಾರೆಂಬ ಸಹಿ, ತಲುಪಿದ ರಸೀದಿ, ತಲುಪದಿದ್ದರೆ ಮತ್ತೆ ಕಳಿಸುವ ನಿಯಮ ಎಲ್ಲವೂ ಅದರಲ್ಲಿತ್ತು.

ಸಣ್ಣ ಗಿರಾಕಿಗಳು ಇಷ್ಟೆಲ್ಲವನ್ನು ತಾವೇ ಕಟ್ಟಿಕೊಳ್ಳಲಾರರು. ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಪೇಪರ್, ಜಾರ್ಜಿಯಾ–ಪೆಸಿಫಿಕ್, ವೇಯರ್‌ಹಾಯ್ಸರ್ ಮುಂತಾದ ಪ್ರತಿಸ್ಪರ್ಧಿ ಕಂಪನಿಗಳೇ ಸೇರಿ 2000ದಲ್ಲಿ ಫಾರೆಸ್ಟ್‌ಎಕ್ಸ್‌ಪ್ರೆಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಗಿರಾಕಿ ಅದಕ್ಕೊಂದೇ ಸಂಪರ್ಕ ಕೊಟ್ಟರೆ ಸಾಕು, ಅದು ಎಲ್ಲ ಕಾರ್ಖಾನೆಗಳಿಗೂ ಸಂದೇಶ ಮುಟ್ಟಿಸುತ್ತಿತ್ತು. ಮುಂದೆ ಅದು ಲಿಯಾಸನ್ ಟೆಕ್ನಾಲಜೀಸ್ ಎಂಬ ಹೆಸರಿನಲ್ಲಿ ಬೇರೆ ಉದ್ಯಮಗಳಿಗೂ ಸಂದೇಶ ಒಯ್ಯುವ ಕಂಪನಿಯಾಯಿತು, 2018ರಲ್ಲಿ ಓಪನ್‌ಟೆಕ್ಸ್ಟ್ ಅದನ್ನು ಕೊಂಡಿತು.

ತೆಳುವಾದ ದಾರಿಯಲ್ಲಿ ಹಗುರ ಸಂದೇಶ

ಯಂತ್ರದ ಬದಿಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಬೇರೆ ಬೇರೆ ಕಂಪನಿಗಳ ನಿಯಂತ್ರಕಗಳಿಂದ ಅಳತೆಗಳನ್ನು ಒಂದೇ ರೀತಿಯಲ್ಲಿ ಓದಲು 1996ರಲ್ಲಿ ಓಪಿಸಿ ಎಂಬ ಮಾನದಂಡ ಬಂತು. ಅದು ವಿಂಡೋಸ್‌ಗೆ ಕಟ್ಟುಬಿದ್ದಿತ್ತು. ಆ ಕಟ್ಟಿಲ್ಲದ ಓಪಿಸಿ ಯುಎ 2008ರ ಹೊತ್ತಿಗೆ ಸಿದ್ಧವಾಯಿತು.

1999ರಲ್ಲಿ ಆರ್ಲೆನ್ ನಿಪ್ಪರ್ ಮತ್ತು ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್–ಕ್ಲಾರ್ಕ್ ಅವರು ಎಂಕ್ಯೂಟಿಟಿ ಎಂಬ ವಿಧಾನ ರೂಪಿಸಿದರು. ಅದು ಮರುಭೂಮಿಯಲ್ಲಿ ಹಾಯುವ ತೈಲದ ಪೈಪುಗಳ ಮೇಲೆ, ದುಬಾರಿ ಮತ್ತು ನಿಧಾನದ ಉಪಗ್ರಹ ಸಂಪರ್ಕದ ಮೂಲಕ ಕಣ್ಣಿಡಲು ಹುಟ್ಟಿದ್ದು. ಸಂದೇಶದ ತಲೆಬರಹ ಎರಡೇ ಬೈಟ್‌ಗಳಷ್ಟು ಸಣ್ಣದಿರಬಹುದು. ತಲುಪಿದರೆ ತಲುಪಲಿ, ಒಮ್ಮೆಯಾದರೂ ತಲುಪಲೇಬೇಕು, ಸರಿಯಾಗಿ ಒಂದೇ ಸಲ ತಲುಪಬೇಕು ಎಂಬ ಮೂರು ಬಗೆಯ ಭರವಸೆಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಸಂಪರ್ಕ ಹಠಾತ್ತಾಗಿ ಕಡಿದರೆ ತನ್ನ ಪರವಾಗಿ ಇಂಥ ಸಂದೇಶ ಹೊರಡಿಸಿ ಎಂದು ಉಪಕರಣವು ಮೊದಲೇ ಹೇಳಿಟ್ಟಿರಲೂಬಹುದು.

ಮಳೆಗಾಲದ ಮಲೆನಾಡಿನವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸನಗರದ ಕಡೆಯ ನೆಡುತೋಪಿನಿಂದ ಅಕೇಶಿಯಾ ದಿಮ್ಮಿ ಹೊತ್ತ ಲಾರಿಯೊಂದು ಕಾರ್ಖಾನೆಗೆ ಹೊರಟಿದೆ ಎನ್ನಿ. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಮರ ಬಿದ್ದು ಕೇಬಲ್ ಹರಿದಿರುತ್ತದೆ. ತೂಕದ ಅಂಕಿ ಅಲ್ಲೇ ಉಪಕರಣದಲ್ಲಿ ಸರತಿಯಲ್ಲಿ ನಿಂತು, ಸಿಗ್ನಲ್ ಬಂದ ಅರೆ ನಿಮಿಷದಲ್ಲಿ ಹೊರಟು, ರಸೀದಿ ಪಡೆದ ಮೇಲೆ ಅಳಿಯಬೇಕು.

ಅಳಿಸದೆ ಉಳಿಸಿಕೊಳ್ಳುವ ಬಗೆ

ಸರತಿಯಲ್ಲಿ ಎತ್ತಿಕೊಂಡ ಸಂದೇಶ ಅಳಿದುಹೋಗುತ್ತದೆ. ಲಿಂಕ್ಡ್‌ಇನ್ ಕಂಪನಿಯಲ್ಲಿ ರೂಪುಗೊಂಡು 2011ರಲ್ಲಿ ಎಲ್ಲರ ಬಳಕೆಗೆ ತೆರೆದ ಕಾಫ್ಕಾ ತಂತ್ರಾಂಶ ಬೇರೆ ದಾರಿ ಹಿಡಿಯಿತು. ಅದು ಸಂದೇಶಗಳನ್ನು ಬಂದ ಕ್ರಮದಲ್ಲಿ ಒಂದು ಉದ್ದನೆಯ ದಾಖಲೆಯಾಗಿ ಬರೆದಿಡುತ್ತದೆ. ಓದಿದ ಮಾತ್ರಕ್ಕೆ ಅಳಿಸುವುದಿಲ್ಲ, ಇಟ್ಟ ಅವಧಿ ಮುಗಿಯುವವರೆಗೂ ಉಳಿಸುತ್ತದೆ. ಓದುವವರು ತಾವು ಎಲ್ಲಿಯವರೆಗೆ ಓದಿದ್ದೇವೆಂದು ತಾವೇ ಗುರುತಿಟ್ಟುಕೊಂಡು, ಬೇಕಾದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದು.

ಕಾಗದದವರಿಗೆ ಇದೇಕೆ ಬೇಕೆಂದರೆ, ದೂರುಗಳು ತಡವಾಗಿ ಬರುತ್ತವೆ. ಒಂದು ರೀಲು ತಿಂಗಳುಗಳ ಕಾಲ ಗೋದಾಮಿನಲ್ಲಿದ್ದು ಆಮೇಲೆ ಮುದ್ರಣ ಯಂತ್ರಕ್ಕೇರುತ್ತದೆ, ಏರಿದ ದಿನ ಹರಿಯುತ್ತದೆ. ಮುದ್ರಕ ರೀಲಿನ ಸಂಖ್ಯೆ ಹೇಳುತ್ತಾನೆ. ಆ ಸಂಖ್ಯೆಯಿಂದ ಜಂಬೋ ರೋಲಿಗೆ, ಅಲ್ಲಿಂದ ಅದು ಯಂತ್ರದಿಂದ ಹೊರಬಂದ ನಿಮಿಷಕ್ಕೆ, ಆ ನಿಮಿಷದ ತೇವಾಂಶ, ವೇಗ, ತಿರುಳಿನ ಮಿಶ್ರಣಕ್ಕೆ ಹಿಮ್ಮುಖವಾಗಿ ನಡೆದು ಹೋಗಬೇಕು. ತಪ್ಪು ಯಾರದೆಂಬುದು ಆಮೇಲಿನ ಮಾತು. ಅದೇ ಜಂಬೋದಿಂದ ಸೀಳಿದ ಉಳಿದ ರೀಲುಗಳು ಯಾರ ಮನೆಯಲ್ಲಿವೆ ಎಂದು ಮೊದಲು ತಿಳಿಯಬೇಕು. ಅವರ ಯಂತ್ರದಲ್ಲಿ ಅದು ಹರಿಯುವ ಮೊದಲೇ ಎಚ್ಚರಿಸಬಹುದಲ್ಲ.

ಮುದ್ರಣಾಲಯದ ಮೇಜಿನ ಮೇಲೆ

2010ರ ದಶಕದ ನಡುವೆ ಮೈಸೂರು ಪೇಪರ್ ಮಿಲ್ಸ್‌ನ ಯಂತ್ರಗಳು ನಿಂತವು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾಗದ ಮಾಡುತ್ತಿದೆ. ಊರ ಪಕ್ಕದಲ್ಲಿಯೇ ಕಾರ್ಖಾನೆ ಇದ್ದಾಗ ಒಂದು ಮಾತು ಕೇಳಲು ಬಸ್ಸು ಹತ್ತಿ ಹೋಗಬಹುದಿತ್ತು. ಈಗ ಶಿವಮೊಗ್ಗದ ಮುದ್ರಕರಿಗೆ ಕಾಗದ ಎಲ್ಲಿಂದ ಬಂದರೂ ಅದರ ಮಾಹಿತಿ ಬರುವುದು ತಂತಿಯ ಮೇಲೆಯೇ.

ಆ ತಂತಿಯ ಮೇಲಿನ ಇ–ಇನ್‌ವಾಯ್ಸ್ ಇದೇ ಚರಿತ್ರೆಯ ಕೂಸು. ನಿಮ್ಮ ಬಿಲ್ಲಿಂಗ್ ತಂತ್ರಾಂಶ ಬಿಲ್ಲನ್ನು ಜೇಸನ್ ಎಂಬ ನಿಗದಿತ ನಮೂನೆಯಲ್ಲಿ ಬರೆದು ಸರಕಾರದ ನೋಂದಣಿ ಪೋರ್ಟಲ್‌ಗೆ ಕಳಿಸುತ್ತದೆ. ಪೋರ್ಟಲ್ ಅದಕ್ಕೆ 64 ಅಕ್ಷರಗಳ ಒಂದು ಗುರುತನ್ನೂ ಕ್ಯೂಆರ್ ಕೋಡನ್ನೂ ಮರಳಿಸುತ್ತದೆ. ಆ 64 ಅಕ್ಷರಗಳು ಮನಬಂದಂತೆ ಹುಟ್ಟಿದವಲ್ಲ. ಮಾರುವವರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಈ ನಾಲ್ಕರಿಂದ ಗಣಿತದ ಸೂತ್ರದ ಮೂಲಕ ಅವು ಬರುತ್ತವೆ. ಹಾಗಾಗಿ ಅದೇ ಬಿಲ್ಲನ್ನು ಎರಡನೇ ಸಲ ಕಳಿಸಿದರೆ ಅದೇ ಗುರುತು ಬರುತ್ತದೆ, ಪೋರ್ಟಲ್ ಅದನ್ನು ನಕಲು ಎಂದು ತಡೆಯುತ್ತದೆ. ತಕ್ಕಡಿ ಎರಡು ಸಲ ಕಳಿಸಿದ ರೀಲು 4127ರ ಸಮಸ್ಯೆಗೆ ಕೊಟ್ಟ ಪರಿಹಾರವೇ ಇಲ್ಲಿಯೂ ಇರುವುದು.

ಆದ್ದರಿಂದ ತಂತ್ರಾಂಶ ಮಾರಲು ಬಂದವರಿಗೆ ಕೆಲವು ನೇರ ಪ್ರಶ್ನೆ ಕೇಳಿ. ಇಂಟರ್ನೆಟ್ ಹೋದಾಗ ಬಿಲ್ಲುಗಳು ಎಲ್ಲಿ ನಿಲ್ಲುತ್ತವೆ, ಕಂಪ್ಯೂಟರ್ ಆರಿಸಿ ಹೊತ್ತಿಸಿದರೆ ಉಳಿದಿರುತ್ತವೆಯೇ? ಉತ್ತರ ಬಾರದಿದ್ದಾಗ ಅದೇ ಬಿಲ್ಲಿನ ಸಂಖ್ಯೆಯಲ್ಲಿ ಮತ್ತೆ ಕಳಿಸುತ್ತದೆಯೇ, ಅಥವಾ ಹೊಸ ಸಂಖ್ಯೆ ಹಾಕುತ್ತದೆಯೇ? ಹೊಸ ಸಂಖ್ಯೆ ಹಾಕುವುದಾದರೆ ಒಂದೇ ಮಾರಾಟಕ್ಕೆ ಎರಡು ನೋಂದಣಿಯಾಗುತ್ತದೆ, ಪೋರ್ಟಲ್ ಅದನ್ನು ಹಿಡಿಯಲಾರದು. ತಪ್ಪಾಗಿ ನೋಂದಣಿಯಾದದ್ದನ್ನು ಪೋರ್ಟಲ್‌ನಲ್ಲಿ ರದ್ದುಮಾಡಲು ಇರುವ ಅವಕಾಶ 24 ಗಂಟೆ ಮಾತ್ರ. ತಿರಸ್ಕೃತವಾದ ಬಿಲ್ಲುಗಳ ಪಟ್ಟಿ ಯಾವ ಪರದೆಯಲ್ಲಿ ಕಾಣುತ್ತದೆ? ವಹಿವಾಟು 10 ಕೋಟಿ ಮುಟ್ಟಿದವರಿಗೆ ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ನೋಂದಾಯಿಸುವ ನಿಯಮ 2025ರ ಏಪ್ರಿಲ್ 1ರಿಂದ ಇರುವುದರಿಂದ, ಆ ಪಟ್ಟಿಯನ್ನು ವಾರಗಟ್ಟಲೆ ಬಿಟ್ಟಿರುವುದು ಆಗದ ಮಾತು. ನೋಟ್‌ಬುಕ್ಕಿನ ಕಾಗದಕ್ಕೂ ಬೇರೆ ಮುದ್ರಣದ ಕಾಗದಕ್ಕೂ ದಾಸ್ತಾನಿನಲ್ಲಿ ಬೇರೆ ಬೇರೆ ಹೆಸರು ಇಡಲು ಬರುತ್ತದೆಯೇ, ಕಾರ್ಖಾನೆ ಕೊಟ್ಟ ರೀಲಿನ ಸಂಖ್ಯೆಯನ್ನು ಬರೆದುಕೊಳ್ಳಲು ಅದರಲ್ಲಿ ಜಾಗವಿದೆಯೇ ಎಂಬುದನ್ನೂ ಕೇಳಿ.